ಹನ್ನೊಂದು ತೆರೆಗಳ ಮನೆ

ಚಿತ್ರಮಂದಿರವೆಂದರೆ ಒಂದು ಬಾಗಿಲು, ಒಂದು ತೆರೆ, ಒಂದು ಚಿತ್ರ ಎಂಬುದು ಬಹುಕಾಲದ ನಂಬಿಕೆಯಾಗಿತ್ತು. ಕೆಂಪೇಗೌಡ ರಸ್ತೆಗೆ ಹೊರಟವರು ಯಾವ ಚಿತ್ರವೆಂಬುದನ್ನು ಮನೆಯಲ್ಲಿಯೇ ನಿಶ್ಚಯಿಸಿಕೊಂಡು ಹೊರಡುತ್ತಿದ್ದರು. 2004ರಲ್ಲಿ ಕೋರಮಂಗಲದ ಫೋರಂ ಮಾಲಿನಲ್ಲಿ ಪಿವಿಆರ್ ಸಂಸ್ಥೆಯವರು ಒಂದೇ ಸೂರಿನಡಿ ಹನ್ನೊಂದು ತೆರೆಗಳನ್ನು ತೆರೆದಾಗ ಬೆಂಗಳೂರಿಗರ ಈ ಅಭ್ಯಾಸವೂ ಸಡಿಲವಾಯಿತು.

ಎಸ್ಕಲೇಟರಿನ ಮುಂದೆ ಸೀರೆಯ ನೆರಿಗೆ ಹಿಡಿದು ಅನುಮಾನಿಸುತ್ತ ನಿಂತ ಅಜ್ಜಿಯರನ್ನು ಮೊಮ್ಮಕ್ಕಳು ಕೈಹಿಡಿದು ಹತ್ತಿಸುತ್ತಿದ್ದ ದೃಶ್ಯ, ಒಳಗೆ ತೋರಿಸುತ್ತಿದ್ದ ಎಷ್ಟೋ ಚಿತ್ರಗಳಿಗಿಂತ ಸೊಗಸಾಗಿತ್ತು. ಒಳಗಾದರೋ ಮೆತ್ತನೆಯ ಆಸನ, ಮೈ ನಡುಗಿಸುವ ತಂಪು. ಗಾಂಧಿ ಕ್ಲಾಸಿಲ್ಲ, ಶಿಳ್ಳೆಯಿಲ್ಲ, ತೆರೆಯ ಮೇಲೆ ಚಿಲ್ಲರೆ ತೂರುವ ಭಕ್ತರಿಲ್ಲ. ನಾಯಕನು ಪ್ರವೇಶಿಸಿದಾಗಲೂ ಸಭಿಕರು ಸಂಗೀತ ಕಚೇರಿಯಲ್ಲಿ ಕುಳಿತಂತೆ ಕುಳಿತಿರುತ್ತಿದ್ದರು!

ಇಂಥ ಜಾಗದಲ್ಲಿ ಕನ್ನಡಕ್ಕೆ ಎಡೆಯೆಲ್ಲಿ ಎಂದು ಶಂಕಿಸಿದವರುಂಟು. ಅವರಿಗೆ ಉತ್ತರ ಕೊಟ್ಟುದು 2006ರ ಡಿಸೆಂಬರ್ 29ರಂದು ತೆರೆಕಂಡ, ಯೋಗರಾಜ ಭಟ್ಟರ ‘ಮುಂಗಾರು ಮಳೆ’. ಅದು ಈ ಹನ್ನೊಂದು ತೆರೆಗಳ ಮನೆಯಲ್ಲಿ ಒಂದು ವರ್ಷಕ್ಕೂ ಮೇಲ್ಪಟ್ಟು ನಿಂತಿತು. ಚಿತ್ರದ ಗುಣ ಇದಕ್ಕೆ ಕಾರಣವೆಂಬುದು ನಿಜ. ಕಟ್ಟಡದ ಗುಣವೂ ಕಾರಣವೆಂದು ನನ್ನ ಅಭಿಪ್ರಾಯ. ಸಾವಿರ ಆಸನಗಳ ಒಂಟಿ ಮಂದಿರದಲ್ಲಿ ಇನ್ನೂರು ಜನ ಕುಳಿತರೆ ಮಾಲೀಕನ ಎದೆ ಒಡೆಯುತ್ತದೆ. ವಾರದ ಬಾಡಿಗೆಯೂ ಹುಟ್ಟದು, ಚಿತ್ರವನ್ನು ಎತ್ತಲೇಬೇಕು. ಹಲವು ತೆರೆಗಳಿದ್ದಲ್ಲಿ ಅದೇ ಚಿತ್ರವನ್ನು ಚಿಕ್ಕ ಕೋಣೆಗೆ ಸಾಗಿಸಬಹುದು. ಅಲ್ಲಿ ಅದೇ ಇನ್ನೂರು ಜನ ತುಂಬಿದ ಸಭೆಯಾಗುತ್ತಾರೆ.

ಆದರೆ ಚಿಕ್ಕ ಕೋಣೆಗೆ ಸಾಗಿಸಬಲ್ಲವರು ಹೊತ್ತಲ್ಲದ ಹೊತ್ತಿಗೂ ಸಾಗಿಸಬಲ್ಲರು. ಒಂಟಿ ಮಂದಿರದವನು ಚಿತ್ರವನ್ನು ಎತ್ತಿದರೆ ಊರಿಗೆಲ್ಲ ತಿಳಿಯುತ್ತಿತ್ತು. ಕಟೌಟು ಇಳಿಯುತ್ತಿತ್ತು, ಭಿತ್ತಿಪತ್ರ ಬದಲಾಗುತ್ತಿತ್ತು. ಇಲ್ಲಿ ಹಾಗಲ್ಲ. ಶುಕ್ರವಾರ ನಾಲ್ಕು ಆಟಗಳಿದ್ದ ಕನ್ನಡ ಚಿತ್ರಕ್ಕೆ ಸೋಮವಾರ ಬೆಳಗಿನ ಆಟವೊಂದೇ ಉಳಿದಿದ್ದರೂ ಯಾರಿಗೂ ಗೊತ್ತಾಗದು. ಕಚೇರಿಗೆ, ಶಾಲೆಗೆ ಹೋಗುವ ಮಂದಿ ಬೆಳಗಿನ ಹತ್ತು ಗಂಟೆಗೆ ಬರುವುದುಂಟೆ? ಬರಲಿಲ್ಲವಾದ್ದರಿಂದ ಜನರಿಗೆ ಆಸಕ್ತಿಯಿಲ್ಲವೆಂದು ಲೆಕ್ಕ ಬರೆಯುತ್ತಾರೆ.

ಇನ್ನು ದರದ ಮಾತು. ಟಿಕೆಟ್ಟಿನ ಬೆಲೆ ಇನ್ನೂರು ರೂಪಾಯಿಯನ್ನು ಮೀರಬಾರದೆಂದು ರಾಜ್ಯ ಸರಕಾರವು 2025ರ ಸೆಪ್ಟೆಂಬರಿನಲ್ಲಿ ನಿಯಮ ಮಾಡಿತು. ಅದೇ ತಿಂಗಳಲ್ಲಿ ಉಚ್ಚ ನ್ಯಾಯಾಲಯದಿಂದ ತಡೆಯಾಜ್ಞೆ ಬಂದಿತು. ಪಾಪ್‌ಕಾರ್ನಿನ ವಿಚಾರ ಎತ್ತದಿರುವುದೇ ಲೇಸು. ಟಿಕೆಟ್ಟಿನ ಹಣದಲ್ಲಿ ಚಿತ್ರ ತೆಗೆದವನಿಗೂ ಪಾಲುಂಟು. ಜೋಳದ ಅರಳಿನಲ್ಲಿ ಅವನಿಗೆ ಕಾಸೂ ಇಲ್ಲ.

ಐದು ಜನರ ಸಂಸಾರದ ಯಜಮಾನರು ಇದನ್ನೆಲ್ಲ ಕೂಡಿಸಿ ನೋಡಿ, “ಶನಿವಾರ, ಭಾನುವಾರ ದರ ಹೆಚ್ಚು; ನೆಂಟರೂ ಬರುವವರಿದ್ದಾರೆ. ಮುಂದಿನ ವಾರ ನಿಧಾನವಾಗಿ ಹೋದರಾಯಿತು” ಎನ್ನುತ್ತಾರೆ. ನ್ಯಾಯವಾದ ಮಾತೇ. ಆದರೆ ಆ ಚಿತ್ರದ ಹಣೆಬರಹವನ್ನು ಬರೆಯುವುದು ಮೊದಲ ಶನಿವಾರ, ಭಾನುವಾರಗಳಲ್ಲಿ. ಮುಂದಿನ ವಾರ ಮಕ್ಕಳು ಉಡುಪು ತೊಟ್ಟು ಸಿದ್ಧರಾಗುವ ವೇಳೆಗೆ, ಹನ್ನೊಂದು ತೆರೆಗಳಲ್ಲಿ ಯಾವುದರ ಮೇಲೂ ಆ ಚಿತ್ರವಿರುವುದಿಲ್ಲ.