ಕೊರಿಯಾ ಪ್ರವಾಸಕ್ಕೆ ಮುನ್ನ ಇಪ್ಪತ್ತು ಗಂಟೆ

ಕೊರಿಯಾ ನೋಡಲು ಹೊರಟವರಿಗೆ ಕೊರಿಯನ್ ಭಾಷೆ ಏಕೆ ಬೇಕು ಎಂಬ ಪ್ರಶ್ನೆಗೆ ಈಗ ಸಿದ್ಧ ಉತ್ತರವೊಂದಿದೆ: ಬೇಕಿಲ್ಲ, ಮೊಬೈಲ್ ಅನುವಾದಿಸುತ್ತದೆ. ಧಾರಾವಾಹಿಗಳ ಮೋಹದಿಂದ ಕೊರಿಯನ್ ಕಲಿಯುತ್ತಿರುವ ಯುವಜನರ ಮಾತು ಬೇರೆ. ಅವರ ಹಿಂದೆ ಹಿಂದೆಯೇ ಈಗ ನನ್ನಂತಹ ನಿವೃತ್ತರೂ ಪ್ರವಾಸಿ ಸಂಸ್ಥೆಗಳ ಬಾಗಿಲು ತಟ್ಟುತ್ತಿದ್ದಾರೆ. ಹತ್ತು ದಿನದ ಪ್ರವಾಸಕ್ಕೆ ಒಂದು ಭಾಷೆಯನ್ನೇ ಕಲಿಯುವುದು ಲಾಭದಾಯಕವೇ ಎಂದು ಅವರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಇಲ್ಲಿ ಸೀಮಾಂತ ಪ್ರತಿಫಲದ ತತ್ವ ನೆನಪಾಗುತ್ತದೆ. ಅಮೆರಿಕದ ವಿದೇಶಾಂಗ ಸೇವೆಯ ತರಬೇತಿ ಸಂಸ್ಥೆಯು ಇಂಗ್ಲಿಷ್ ಮಾತೃಭಾಷೆಯವರಿಗೆ ಅತಿ ಕಠಿಣವೆನಿಸುವ ಭಾಷೆಗಳ ಸಾಲಿನಲ್ಲಿ ಕೊರಿಯನ್ನನ್ನು ಇರಿಸಿ, ಅದಕ್ಕೆ ಸುಮಾರು 2,200 ಗಂಟೆಗಳ ಪಾಠ ಬೇಕೆಂದು ಅಂದಾಜಿಸಿದೆ. ಆ ಲೆಕ್ಕ ನೋಡಿ ಹಿಮ್ಮೆಟ್ಟುವವರೇ ಹೆಚ್ಚು. ಆದರೆ ಅದು ರಾಜತಾಂತ್ರಿಕರಿಗೆ ಬೇಕಾದ ಪ್ರೌಢಿಮೆಯ ಲೆಕ್ಕ. ಪ್ರವಾಸಿಗೆ ಸಲ್ಲುವ ಪ್ರತಿಫಲದ ಬಹುಪಾಲು ಮೊದಲ ಇಪ್ಪತ್ತು ಗಂಟೆಗಳಲ್ಲೇ ದಕ್ಕುತ್ತದೆ. ಅದರಲ್ಲೂ ಕನ್ನಡಿಗರಿಗೆ.

ಮೊದಲು ಲಿಪಿ. ದೊರೆ ಸೆಜೊಂಗ್ 1443ರಲ್ಲಿ ರೂಪಿಸಿ 1446ರಲ್ಲಿ ಪ್ರಕಟಿಸಿದ ಹಂಗುಲ್ ಲಿಪಿಯಲ್ಲಿ ಈಗ ಬಳಕೆಯಲ್ಲಿರುವ ಮೂಲಾಕ್ಷರಗಳು 24: ವ್ಯಂಜನ 14, ಸ್ವರ 10. ಉಚ್ಚಾರಣೆಯ ವೇಳೆ ನಾಲಿಗೆ, ತುಟಿ, ಹಲ್ಲುಗಳು ತಳೆಯುವ ಆಕಾರವೇ ಮೂಲ ವ್ಯಂಜನಗಳ ಆಕಾರ. ಅಕ್ಷರಗಳನ್ನು ರೋಮನ್ನಿನಂತೆ ಸಾಲಾಗಿ ಬರೆಯದೆ, ವ್ಯಂಜನಕ್ಕೆ ಸ್ವರ ಕೂಡಿಸಿ ಒಂದು ಚೌಕದಲ್ಲಿ ಕೂರಿಸುತ್ತಾರೆ. ಕಾಗುಣಿತ ಕಲಿತವರಿಗೆ ಇದರಲ್ಲಿ ಹೊಸದೇನಿದೆ? ಚೌಕದ ಅಡಿಯಲ್ಲಿ ಇನ್ನೊಂದು ವ್ಯಂಜನ ಬರುವುದೂ ಉಂಟು. ನೋಡಲು ನಮ್ಮ ಒತ್ತಕ್ಷರದಂತಿದ್ದರೂ ಓದುವ ಕ್ರಮ ಬೇರೆ: ನಮ್ಮಲ್ಲಿ ಒತ್ತಿನ ನಂತರ ಸ್ವರ, ಅಲ್ಲಿ ಸ್ವರ ಮುಗಿದ ಮೇಲೆ ಅಡಿಯ ವ್ಯಂಜನ. ಇಷ್ಟು ತಿಳಿದರೆ ಒಂದು ವಾರದಲ್ಲಿ ಅಂಗಡಿಯ ಫಲಕ ಓದಬಹುದು.

ತೊಡಕು ಇರುವುದು ಉಚ್ಚಾರಣೆಯಲ್ಲಿ. ಅಲ್ಲಿ ಕ-ಗ, ಪ-ಬಗಳಿಗೆ ಬೇರೆ ಬೇರೆ ಅಕ್ಷರಗಳಿಲ್ಲ. ತಮಿಳಿನ ಹಾಗೆ ಅಕ್ಷರ ನಿಂತ ಜಾಗ ನೋಡಿ ಧ್ವನಿ ಹೊರಡಿಸಬೇಕು. ಹಳೆಯ ಭೂಪಟಗಳಲ್ಲಿ ಪುಸಾನ್ ಆಗಿದ್ದ ರೇವುಪಟ್ಟಣ 2000ದಲ್ಲಿ ಸರ್ಕಾರ ರೋಮನ್ ಬರವಣಿಗೆಯ ನಿಯಮ ಬದಲಿಸಿದಾಗ ಬುಸಾನ್ ಆಯಿತು. ಊರೂ ಅದೇ, ಉಚ್ಚಾರಣೆಯೂ ಅದೇ, ಬದಲಾದದ್ದು ಇಂಗ್ಲಿಷ್ ಫಲಕ ಮಾತ್ರ. ರೋಮನ್ ಕಾಗುಣಿತವನ್ನೇ ನಂಬುವವರ ಪಾಡು ಇದರಿಂದಲೇ ತಿಳಿಯುತ್ತದೆ. ಭದ್ರತೆಯ ಕಾರಣ ನೀಡಿ ಅಲ್ಲಿನ ಸರ್ಕಾರ ವಿವರವಾದ ನಕ್ಷೆಯ ದತ್ತಾಂಶವನ್ನು ಗೂಗಲ್‌ಗೆ ಕೊಡಲು 2007 ಮತ್ತು 2016ರಲ್ಲಿ ನಿರಾಕರಿಸಿತ್ತು. ಹೀಗಾಗಿ ಜನ ನೇವರ್, ಕಕಾವೊ ನಕ್ಷೆಗಳಿಗೇ ಒಗ್ಗಿಕೊಂಡಿದ್ದಾರೆ. ಅವುಗಳಲ್ಲಿ ಇಂಗ್ಲಿಷ್ ಇದೆಯಾದರೂ ಗಲ್ಲಿಯೊಳಗಿನ ಪುಟ್ಟ ಹೋಟೆಲು ಖಚಿತವಾಗಿ ಸಿಗುವುದು ಹಂಗುಲ್‌ನಲ್ಲಿ ಹುಡುಕಿದಾಗ.

ಲಿಪಿಯ ನಂತರ ಸ್ಥಳನಾಮ. ನಮ್ಮ ಹಳ್ಳಿ, ಪೇಟೆ, ಸಂದ್ರಗಳಂತೆ ಅಲ್ಲಿಯೂ ಹೆಸರಿನ ಬಾಲ ಸ್ಥಳದ ಸ್ವರೂಪ ಹೇಳುತ್ತದೆ. ಸಾನ್ ಎಂದರೆ ಬೆಟ್ಟ, ಗಾಂಗ್ ಎಂದರೆ ನದಿ, ಸಾ ಎಂದರೆ ಬೌದ್ಧ ದೇಗುಲ, ಗುಂಗ್ ಎಂದರೆ ಅರಮನೆ, ಮುನ್ ಎಂದರೆ ದ್ವಾರ, ಯೊಕ್ ಎಂದರೆ ರೈಲು ನಿಲ್ದಾಣ. ನಾಮ್ ದಕ್ಷಿಣ, ದೊಂಗ್ ಪೂರ್ವ, ದೇ ದೊಡ್ಡದು. ನಾಮ್‌ದೇಮುನ್, ದೊಂಗ್‌ದೇಮುನ್ ಎಂಬ ಹೆಸರುಗಳು ಬಾಯಿಪಾಠದ ಹೊರೆಯಾಗದೆ ದಕ್ಷಿಣದ ಹೆಬ್ಬಾಗಿಲು, ಪೂರ್ವದ ಹೆಬ್ಬಾಗಿಲು ಎಂದು ತಾವೇ ಬಿಚ್ಚಿಕೊಳ್ಳುತ್ತವೆ. ಎಂಬತ್ತು ಸಾವಿರಕ್ಕೂ ಹೆಚ್ಚು ಮರದ ಅಚ್ಚುಗಳಲ್ಲಿ ತ್ರಿಪಿಟಕವನ್ನು ಕಾಪಿಟ್ಟಿರುವ ಹೇಯಿನ್‌ಸಾ, ಗ್ಯೊಂಗ್‌ಜುವಿನ ಬುಲ್‌ಗುಕ್‌ಸಾ ಎರಡೂ ದೇಗುಲಗಳೆಂದು ಹೆಸರಿನಿಂದಲೇ ತಿಳಿಯುತ್ತದೆ. ಇವು ಚೀನೀ ಮೂಲದ ಪದಗಳು. ನಮ್ಮಲ್ಲಿ ಸಂಸ್ಕೃತಕ್ಕಿರುವ ಸ್ಥಾನ ಅಲ್ಲಿ ಚೀನೀ ಭಾಷೆಗಿದೆ.

ವಾಕ್ಯರಚನೆಯ ವಿಷಯದಲ್ಲಂತೂ ಕನ್ನಡಿಗರು ಅದೃಷ್ಟವಂತರು. ಕ್ರಿಯಾಪದ ಕೊನೆಗೆ, ವಿಭಕ್ತಿ ನಾಮಪದದ ಹಿಂದೆ. 'ಸೋಲ್‌ಗೆ ಹೋಗುತ್ತೇನೆ' ಎನ್ನುವುದನ್ನು ಅದೇ ಕ್ರಮದಲ್ಲಿ 'ಸೋಲ್ ಎ ಕಾಯೊ' ಎನ್ನುತ್ತಾರೆ. ತಂದೆ ಅಪ್ಪ, ತಾಯಿ ಒಮ್ಮ. 'ಇಗೊ ಜುಸೇಯೊ' ಎಂದರೆ ಇದನ್ನು ಕೊಡಿ. (ಕೈ ತೋರಿಸುತ್ತಾ ಇಗೋ ಎನ್ನುವ ನಮ್ಮ ಅಜ್ಜಿಯರು ಸೋಲ್‌ನ ಸಂತೆಯಲ್ಲಿ ಸುಲಭವಾಗಿ ವ್ಯಾಪಾರ ಮಾಡುತ್ತಿದ್ದರೇನೋ!) ಕೊರಿಯಾದಲ್ಲಿ ನೆಲೆಸಿದ್ದ ಅಮೆರಿಕದ ಹೋಮರ್ ಹಲ್ಬರ್ಟ್ 1905ರಷ್ಟು ಹಿಂದೆಯೇ ಕೊರಿಯನ್ ಹಾಗೂ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು ಪ್ರಕಟಿಸಿದ್ದರು. ಭಾಷಾಶಾಸ್ತ್ರಜ್ಞರು ಆ ಬಾಂಧವ್ಯವನ್ನು ಇಂದು ಒಪ್ಪುವುದಿಲ್ಲ. ಅಂತರ್ಜಾಲದಲ್ಲಿ ಹರಿದಾಡುವ ಪದಪಟ್ಟಿಗಳನ್ನು ನೋಡಿ ಕೊರಿಯನ್ನರು ನಮ್ಮ ಬಂಧುಗಳೆಂದು ಹಿಗ್ಗುವುದು ಬೇಡ. ಸಾಮ್ಯ ಆಕಸ್ಮಿಕವಾದರೂ ಕಲಿಯುವವನಿಗೆ ಉಪಯುಕ್ತ, ಅಷ್ಟೆ.

ಇನ್ನು ಹಣ. ಕೊರಿಯನ್ನರಿಗೆ ಎರಡು ಸಂಖ್ಯಾಪದ್ಧತಿಗಳಿವೆ, ಒಂದು ದೇಶೀಯ, ಇನ್ನೊಂದು ಚೀನೀ ಮೂಲದ್ದು. ಗಡಿಯಾರ ನೋಡಿ ಗಂಟೆಯನ್ನು ಮೊದಲನೆಯದರಲ್ಲಿ, ನಿಮಿಷವನ್ನು ಎರಡನೆಯದರಲ್ಲಿ ಹೇಳುತ್ತಾರೆ. ಬೆಲೆ ಹೇಳುವುದು ಎರಡನೆಯದರಲ್ಲಿ. ಹಾಗಾಗಿ ಪ್ರವಾಸಿ ಮೊದಲು ಕಲಿಯಬೇಕಾದದ್ದು ಅದನ್ನೇ. ನಮಗೆ ಲಕ್ಷ ಇದ್ದಂತೆ ಅವರಿಗೆ 'ಮಾನ್', ಅಂದರೆ ಹತ್ತು ಸಾವಿರ. ಒಂದೂವರೆ ಲಕ್ಷ ವೊನ್ ಅವರ ಬಾಯಲ್ಲಿ ಹದಿನೈದು ಮಾನ್. ಸೆಜೊಂಗ್ ದೊರೆಯ ಚಿತ್ರವಿರುವ ನೋಟು ಒಂದು ಮಾನ್, 2009ರಲ್ಲಿ ಬಂದ ದೊಡ್ಡ ನೋಟು ಐದು ಮಾನ್. ಸಾವಿರ ವೊನ್‌ಗೆ ಅರವತ್ತು ಚಿಲ್ಲರೆ ರೂಪಾಯಿ ಎಂದು ಹಿಡಿದರೆ ಒಂದು ಮಾನ್ ಸುಮಾರು ಆರುನೂರು ರೂಪಾಯಿ. ಮನಸ್ಸಿನಲ್ಲೇ ಲೆಕ್ಕ ಹಾಕಲು ಇಷ್ಟು ಸಾಕು.

ಸಸ್ಯಾಹಾರಿಗಳಿಗೆ ಭಾಷೆ ಅನುಕೂಲವಲ್ಲ, ಅನಿವಾರ್ಯ. 'ಗೋಗಿ' ಎಂದರೆ ಮಾಂಸ. 'ಗೋಗಿ ಪ್ಪೇ ಜುಸೇಯೊ', ಮಾಂಸ ಬಿಟ್ಟು ಕೊಡಿ ಎಂದರೆ ಬಿಟ್ಟೇ ಕೊಡುತ್ತಾರೆ. ಆದರೆ ಮೀನು ಆ ಪದದೊಳಗೆ ಬರುತ್ತದೆಂದು ಭಾವಿಸಬಾರದು. ಸಾರಿಗೆ ಒಣ ಮೀನಿನ ರಸ ಸಾಮಾನ್ಯ. ಕಿಮ್ಚಿ ನೋಡಲು ಎಲೆಕೋಸಾದರೂ ಹುದುಗಿಸಿದ ಸಿಗಡಿ ಅಥವಾ ಮೀನು ಅದರಲ್ಲಿ ಬಹುಮಟ್ಟಿಗೆ ಇದ್ದೇ ಇರುತ್ತದೆ. ಯಂತ್ರಾನುವಾದವು ಅಡುಗೆಪಟ್ಟಿಯ ಹೆಸರನ್ನು ಹೇಳೀತು, ಪಾತ್ರೆಯೊಳಗಿನದನ್ನಲ್ಲ. ಮೀನು, ಸಿಗಡಿ, ಮೊಟ್ಟೆಗಳ ಹೆಸರು ಕಲಿತು ಒಂದೊಂದಾಗಿ ಕೇಳುವುದೇ ಲೇಸು. 2002ರ ವಿಶ್ವಕಪ್ ಫುಟ್‌ಬಾಲ್ ಸಂದರ್ಭದಲ್ಲಿ ಆರಂಭವಾದ ದೇಗುಲವಾಸದ ಯೋಜನೆಯಲ್ಲಿ ಒಂದೆರಡು ದಿನ ಕಳೆದರೆ ಈ ಚಿಂತೆಯಿಲ್ಲ. ಬೌದ್ಧ ಭಿಕ್ಷುಗಳ ಅಡುಗೆಯಲ್ಲಿ ಬೆಳ್ಳುಳ್ಳಿ, ಈರುಳ್ಳಿಯೂ ವರ್ಜ್ಯ.

ಒಂದು ಭಾಷೆ ಪ್ರವಾಸಿಗರಿಗೆ ಇಷ್ಟು ಸುಲಭವಾಗಿ ಎಟಕುವುದು ತಾನಾಗಿ ಆದದ್ದಲ್ಲ. ಜಪಾನಿನ ಆಳ್ವಿಕೆಯಲ್ಲಿ 1930ರ ದಶಕದ ಕೊನೆಗೆ ಕೊರಿಯನ್ ಶಾಲೆಗಳಿಂದ ಹೊರಬಿತ್ತು. 1942ರಲ್ಲಿ ನಿಘಂಟು ಸಿದ್ಧಪಡಿಸುತ್ತಿದ್ದ ವಿದ್ವಾಂಸರನ್ನು ಬಂಧಿಸಿ ಹಸ್ತಪ್ರತಿಗಳನ್ನು ವಶಪಡಿಸಿಕೊಳ್ಳಲಾಯಿತು. ಅವು 1945ರಲ್ಲಿ ದೊರೆತದ್ದು ಸೋಲ್ ರೈಲು ನಿಲ್ದಾಣದ ಗೋದಾಮಿನಲ್ಲಿ. ಹಾಗೆ ಉಳಿದ ಭಾಷೆಯನ್ನು ಆ ದೇಶ ಆಮೇಲೆ ಅಲಂಕಾರಕ್ಕೆ ಇಟ್ಟುಕೊಳ್ಳಲಿಲ್ಲ. ಇಂದು 80ಕ್ಕೂ ಹೆಚ್ಚು ದೇಶಗಳಲ್ಲಿರುವ ಸೆಜೊಂಗ್ ಸಂಸ್ಥೆಗಳ ಮೂಲಕ ಪಠ್ಯ, ಶಿಕ್ಷಕರು, ಹಣ ಎಲ್ಲವನ್ನೂ ಒದಗಿಸುತ್ತಿದೆ.

ನಮ್ಮ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರೌಢಶಾಲೆಯಲ್ಲಿ ಕಲಿಯಬಹುದಾದ ವಿದೇಶಿ ಭಾಷೆಗಳಲ್ಲಿ ಕೊರಿಯನ್ನನ್ನು ಹೆಸರಿಸಿದೆ. ಸ್ಯಾಮ್‌ಸಂಗ್, ಎಲ್‌ಜಿ ಸಂಸ್ಥೆಗಳ ಸಂಶೋಧನಾ ಕೇಂದ್ರಗಳಿರುವ ಬೆಂಗಳೂರಿನಲ್ಲಿ ಅದಕ್ಕೆ ಉದ್ಯೋಗದ ಬೇಡಿಕೆಯೂ ಇದೆ. ಆದರೆ ಪಾಠ ಇಂಗ್ಲಿಷ್ ಮೂಲಕ ನಡೆದರೆ, ಮೇಲೆ ಹೇಳಿದ ಅನುಕೂಲಗಳೆಲ್ಲ ವ್ಯರ್ಥ. ಇಂಗ್ಲಿಷ್ ವಾಕ್ಯವನ್ನು ತಿರುಗಿಸಿ, ಮತ್ತೆ ತಿರುಗಿಸಿ ಕೊರಿಯನ್‌ಗೆ ತಲುಪುವುದು ಮೈಸೂರಿಗೆ ತುಮಕೂರಿನ ಮೇಲೆ ಹೋದಂತೆ. ವಿಭಕ್ತಿ, ಬಹುವಚನದ ಗೌರವ, ಕಾಗುಣಿತಗಳಿಂದ ಆರಂಭವಾಗುವ, ಕನ್ನಡದಲ್ಲೇ ಬರೆದ ಅರವತ್ತು ಪುಟದ ಪುಸ್ತಿಕೆಯೊಂದು ವಿಶ್ವವಿದ್ಯಾಲಯವೊಂದರ ಎರಡು ವಿಭಾಗಗಳು ಸೇರಿದರೆ ಆರು ತಿಂಗಳಲ್ಲಿ ಸಿದ್ಧವಾದೀತು. ಅದೇ ಪುಸ್ತಿಕೆಯನ್ನು ತಿರುವಿ ಬರೆದರೆ ಹಂಪಿ, ಬೇಲೂರುಗಳಿಗೆ ಬರುವ ಕೊರಿಯಾದ ಬೌದ್ಧಿಕ ಕುತೂಹಲಿಗೆ ಕನ್ನಡ ಕಲಿಸುವ ಕೈಪಿಡಿಯೂ ದೊರೆಯುತ್ತದೆ. ಇದಕ್ಕೆ ತಗಲುವ ವೆಚ್ಚ, ಸೇವೆಯಲ್ಲಿದ್ದಾಗ ನಾನು ಕಂಡ ಯಾವುದೇ ಪ್ರವಾಸೋದ್ಯಮ ಸಮಾವೇಶದ ಊಟೋಪಚಾರದ ಬಿಲ್ಲಿಗಿಂತ ಕಡಿಮೆ.