ಹಳೇ ಪೆಟ್ಟಿಗೆಗೆ ಹೊಸ ಬೋರ್ಡು

‘ಕಂಪ್ಯೂಟರ್ ತೀರಾ ನಿಧಾನ ಆಗಿದೆ. ಮದರ್‌ಬೋರ್ಡು, ಪ್ರೊಸೆಸರ್ ಎರಡೂ ಬದಲಿಸಬೇಕಂತೆ. ಎಷ್ಟಾದೀತು?’

ಎಸ್ಸೆಸ್ಸೆಲ್ಸಿ, ಪಿಯುಸಿ ಮುಗಿಸಿದ ಮಕ್ಕಳು ಡಿಪ್ಲೊಮಾ, ಬಿಸಿಎ ಎಂದು ಹೊರಡುವ ಹೊತ್ತಿಗೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ಮನೆಗಳಲ್ಲಿ ಏಳುವ ಪ್ರಶ್ನೆ ಇದು. ಕೇಳುವವರು ಅಪ್ಪ, ‘ಬದಲಿಸಬೇಕು’ ಎಂದು ಮೊದಲು ಹೇಳಿದವನು ಮಾಣಿ. ಇಬ್ಬರೂ ಸೇರಿ ಅದಕ್ಕೂ ಮುಂಚೆ ಕೇಳಿಕೊಳ್ಳಬೇಕಾದದ್ದು ಬೇರೊಂದಿದೆ. ನಿಧಾನ ಆಗಿರುವುದು ಕಂಪ್ಯೂಟರಿನ ಯಾವ ಭಾಗ?

2014ರ ಸುಮಾರಿಗೆ ಕೊಂಡ ಒಂದು ಕಂಪ್ಯೂಟರನ್ನೇ ತೆಗೆದುಕೊಳ್ಳಿ. ಒಳಗೆ ಇಂಟೆಲ್‌ನ ನಾಲ್ಕನೆಯ ತಲೆಮಾರಿನ ಐ3 ಪ್ರೊಸೆಸರ್, ಎಚ್81 ಬೋರ್ಡು, 4 ಜಿಬಿ ರ್‍ಯಾಮ್, ಗರಗರ ತಿರುಗುವ ಹಾರ್ಡ್ ಡಿಸ್ಕ್. ಸ್ವಿಚ್ ಹಾಕಿ ಚಹಾ ಕುಡಿದು ಬಂದರೂ ಅದು ಕೆಲಸಕ್ಕೆ ಸಿದ್ಧವಾಗಿರುವುದಿಲ್ಲ. ತಪ್ಪೆಲ್ಲ ಪ್ರೊಸೆಸರಿನದ್ದು ಎಂದು ಎಲ್ಲರೂ ತೀರ್ಮಾನಿಸುತ್ತಾರೆ. ಆದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ಡಿಸ್ಕ್ ಎಂಬುದರ ಎದುರು ಶೇಕಡಾ 100 ಎಂದು ಕೆಂಪಾಗಿ ನಿಂತಿದ್ದು, ಪ್ರೊಸೆಸರ್ ಮಾತ್ರ ಶೇಕಡಾ 15-20ರಲ್ಲಿ ಆರಾಮಾಗಿದ್ದರೆ, ಹೊಸ ಪ್ರೊಸೆಸರ್ ತಂದು ಹಾಕಿದರೂ ಅದು ಅಷ್ಟೇ ಆರಾಮಾಗಿ ಕುಳಿತಿರುತ್ತದೆ.

ಇಂಥ ಯಂತ್ರಕ್ಕೆ ಬೇಕಾದದ್ದು ಎಸ್‌ಎಸ್‌ಡಿ. ಹಳೆಯ ಡಿಸ್ಕಿನ ವೈರುಗಳೇ ಇದಕ್ಕೂ ಹೊಂದುತ್ತವೆ. ನಾಳೆ ಬೋರ್ಡು ಬದಲಿಸಿದರೂ ಇದನ್ನು ಕಳಚಿ ಹೊಸದಕ್ಕೆ ಹಾಕಬಹುದಾದ್ದರಿಂದ ಹಾಕಿದ ಹಣ ಎಲ್ಲಿಗೂ ಹೋಗುವುದಿಲ್ಲ. ಜೊತೆಗೆ ಒಂದು ಡಿಡಿಆರ್3 ರ್‍ಯಾಮ್. ಇದು ಮುಂದೆ ಉಪಯೋಗಕ್ಕೆ ಬಾರದ ಸರಕು, ಸೆಕೆಂಡ್ ಹ್ಯಾಂಡ್ ಸಾಕು. ಓದು, ಬರಹ, ಸಿ ಅಥವಾ ಪೈಥಾನ್ ಕಲಿಕೆ, ತೋಟದ ಲೆಕ್ಕ ಇಷ್ಟಕ್ಕೆ ಆ ಯಂತ್ರ ಇನ್ನೂ ಮೂರ್ನಾಲ್ಕು ವರ್ಷ ನಡೆದೀತು.

ಹಾಗಾದರೆ ಬೋರ್ಡು ಬದಲಿಸುವ ಪ್ರಸಂಗವೇ ಇಲ್ಲವೇ? ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಇಂಟೆಲ್‌ನ ಎಂಟನೆಯ ತಲೆಮಾರಿನಿಂದ ಈಚಿನ ಪ್ರೊಸೆಸರುಗಳನ್ನು. ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್ ಹಾಕಿಕೊಂಡರೆ ಹಳೆಯದರಲ್ಲೇ ಮುಂದುವರಿಯಬಹುದು. ಕಂಪ್ಯೂಟರ್ ವಿಷಯವನ್ನೇ ಓದುವವರಿಗೆ ಅದು ಒಳ್ಳೆಯ ಅಭ್ಯಾಸ ಕೂಡ. ಆದರೆ ಕಾಲೇಜಿನಲ್ಲಿ ವಿಂಡೋಸ್ ತಂತ್ರಾಂಶವೇ ಬೇಕೆಂದರೆ, ಅಥವಾ ಕ್ಯಾಡ್, ಆಂಡ್ರಾಯ್ಡ್ ಸ್ಟುಡಿಯೊದಂಥ ಭಾರದ ಕೆಲಸ ಇದೆಯೆಂದರೆ ಪೆಟ್ಟಿಗೆ ಬಿಚ್ಚಲೇಬೇಕು.

ಆಗ ಗೊತ್ತಿರಬೇಕಾದದ್ದು, ಬೋರ್ಡು ಒಂಟಿಯಾಗಿ ಬರುವುದಿಲ್ಲ ಎಂಬುದು. ಹಳೆಯ ಡಿಡಿಆರ್3 ಹೊಸ ಬೋರ್ಡಿನಲ್ಲಿ ಕೂರುವುದಿಲ್ಲ. 2025ರ ಕೊನೆಯ ತಿಂಗಳುಗಳಲ್ಲಿ ರ್‍ಯಾಮ್ ಬೆಲೆ ಚಾಲಿ ಅಡಿಕೆ ನಾಚುವ ಹಾಗೆ ಏರಿದ್ದನ್ನು ನೆನೆದರೆ, ಮನೆಯಲ್ಲಿ ಡಿಡಿಆರ್4 ರ್‍ಯಾಮ್ ಇರುವವರು ಅದನ್ನೇ ಒಪ್ಪುವ ಬೋರ್ಡು ಹುಡುಕುವುದು ಲೇಸು. ಇಂಟೆಲ್‌ನ 12ರಿಂದ 14ನೆಯ ತಲೆಮಾರಿನ ಬೋರ್ಡುಗಳಲ್ಲಿ ಡಿಡಿಆರ್4, ಡಿಡಿಆರ್5 ಎರಡೂ ಬಗೆ ಇವೆ. ಒಂದರ ಜಾಗಕ್ಕೆ ಇನ್ನೊಂದು ಹೋಗದು. ಎಎಂಡಿಯ ಎಎಂ4 ಬೋರ್ಡುಗಳಿಗೆ ಡಿಡಿಆರ್4, 2022ರಲ್ಲಿ ಬಂದ ಎಎಂ5ಕ್ಕೆ ಡಿಡಿಆರ್5 ಮಾತ್ರ. ಈಗಾಗಲೇ ಎಎಂ4 ಬೋರ್ಡು ಇದ್ದವರು ಅದೃಷ್ಟವಂತರು. ಬೋರ್ಡು ತಯಾರಿಸಿದವರ ಪಟ್ಟಿಯಲ್ಲಿ ಹೆಸರಿದ್ದರೆ, ಬಯಾಸ್ ಪರಿಷ್ಕರಿಸಿಕೊಂಡು ಪ್ರೊಸೆಸರ್ ಒಂದನ್ನೇ ಬದಲಿಸಿದರೆ ಮುಗಿಯಿತು.

ಹೊಸಬರು ಬೀಳುವ ಇನ್ನೊಂದು ಹೊಂಡವಿದೆ. ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಗೆ ‘ಎಫ್’ ಅಕ್ಷರ ಇದ್ದರೆ ಅದರೊಳಗೆ ಚಿತ್ರ ಮೂಡಿಸುವ ಭಾಗ ಇರುವುದಿಲ್ಲ. ಸ್ವಲ್ಪ ಅಗ್ಗವೆಂದು ಅದನ್ನು ತಂದು, ಎಲ್ಲ ಜೋಡಿಸಿ, ಫ್ಯಾನು ತಿರುಗಿದರೂ ಪರದೆ ಕಪ್ಪಗಿದೆಯೆಂದು ತಲೆ ಕೆಡಿಸಿಕೊಳ್ಳುತ್ತಾರೆ. ಬೇರೆ ಗ್ರಾಫಿಕ್ಸ್ ಕಾರ್ಡು ಕೊಳ್ಳದೆ ಅದು ನಡೆಯದು. ಎಎಂ4ರಲ್ಲಿ ರೈಜನ್ 5600ರಲ್ಲಿ ಆ ಭಾಗ ಇಲ್ಲ, 5600ಜಿಯಲ್ಲಿ ಇದೆ. ಒಂದಕ್ಷರದ ವ್ಯತ್ಯಾಸ! ಹಳೆಯ ಮಾನಿಟರ್ ಇಟ್ಟುಕೊಳ್ಳುವವರು ಬೋರ್ಡಿನಲ್ಲಿ ವಿಜಿಎ ಕಿಂಡಿ ಇದೆಯೇ ಎಂದೂ ನೋಡಿಕೊಳ್ಳಿ. ಡೆಲ್, ಎಚ್‌ಪಿಯಂಥ ಕಂಪನಿಗಳ ಸಿದ್ಧ ಕಂಪ್ಯೂಟರ್ ನಿಮ್ಮದಾದರೆ ಎಷ್ಟೋ ಸಲ ಅವುಗಳ ಕ್ಯಾಬಿನೆಟ್ಟು, ಪವರ್ ವೈರು ಬೇರೆ ಬೋರ್ಡಿಗೆ ಹೊಂದುವುದೇ ಇಲ್ಲ. ಅದರೊಂದಿಗೆ ಬಂದ ವಿಂಡೋಸ್ ಪರವಾನಗಿಯೂ ಹಳೆಯ ಬೋರ್ಡಿನೊಂದಿಗೇ ಉಳಿಯುತ್ತದೆ.

ಇಷ್ಟೆಲ್ಲ ಯಾವ ಊರಿನವರಿಗೂ ಹೇಳಬಹುದಾದ ಮಾತು. ನಮ್ಮ ಘಟ್ಟದ ಮೇಲಿನವರಿಗೆ ಹೇಳಬೇಕಾದದ್ದು ಎಸ್‌ಎಂಪಿಎಸ್ ಮತ್ತು ಅರ್ಥಿಂಗ್ ವಿಚಾರ. ದುಡ್ಡೆಲ್ಲ ಪ್ರೊಸೆಸರಿಗೆ ಸುರಿದು, ಹತ್ತು ವರ್ಷದ ಹಿಂದೆ ಕ್ಯಾಬಿನೆಟ್ಟಿನ ಜೊತೆ ಪುಕ್ಕಟೆ ಬಂದ ಎಸ್‌ಎಂಪಿಎಸ್ಸನ್ನೇ ಉಳಿಸಿಕೊಳ್ಳುವುದು ಬಲಹೀನ ಅಡಿಪಾಯದ ಮೇಲೆ ಮಹಡಿ ಕಟ್ಟಿದ ಹಾಗೆ. ಐ3 ಕೊಂಡು ಉಳಿದ ಹಣದಲ್ಲಿ ಒಳ್ಳೆಯ ಎಸ್‌ಎಂಪಿಎಸ್ ತರುವವರು, ಐ5 ಕೊಂಡು ಹಳೆಯದನ್ನೇ ಇಟ್ಟುಕೊಂಡವರಿಗಿಂತ ಜಾಣರು.

ಕ್ಯಾಬಿನೆಟ್ಟಿನ ಹಿಂದಿನ ಕಬ್ಬಿಣಕ್ಕೆ ಕೈ ತಾಗಿದಾಗ ಜುಂ ಎಂದದ್ದುಂಟೇ? ಅರ್ಥಿಂಗ್ ಸರಿಯಿಲ್ಲ ಎಂಬುದರ ಗುರುತು ಅದು. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಿ ಹೋಗುತ್ತದೆ. ಕೆಲವು ಮನೆಗಳಲ್ಲಿ ಗುಂಡಿಯೇ ಇರುವುದಿಲ್ಲ. ಹೊಸ ಬೋರ್ಡು ತರುವುದಕ್ಕೆ ಮುಂಚೆ ವೈರಿಂಗ್‌ನವರನ್ನು ಕರೆಸಿ. ಸಿಡಿಲಿನ ಕಾಲದಲ್ಲಿ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕೀಳಬೇಕು. ರೂಟರಿನಿಂದ ಬರುವ ನೆಟ್‌ವರ್ಕ್ ವೈರನ್ನೂ ಕೀಳಬೇಕು. ಸಿಡಿಲಿನ ಹೊಡೆತ ಆ ವೈರಿನ ದಾರಿಯಲ್ಲೂ ಬಂದು ಬೋರ್ಡನ್ನು ಸುಡಬಲ್ಲದು. ಗುಡುಗು ತಲೆಯ ಮೇಲೆ ಬಂದ ಮೇಲೆ ವೈರು ಮುಟ್ಟಲು ಹೋಗಬೇಡಿ, ಮೋಡ ಕಟ್ಟಿದಾಗಲೇ ಕಿತ್ತಿಡಿ. ಸುಟ್ಟ ಗುರುತಿರುವ ಬೋರ್ಡಿಗೆ ವಾರಂಟಿ ಸಿಗುವುದಿಲ್ಲ.

ಎಲ್ಲಿ ಕೊಳ್ಳುವುದು? ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಥವಾ ಆನ್‌ಲೈನಿನಲ್ಲಿ ನಾಲ್ಕು ಕಾಸು ಕಡಿಮೆ ಇರಬಹುದು. ಮೊದಲ ಸಲ ಮಾಡುವವರಿಗೆ ನನ್ನ ಸಲಹೆ ಊರಿನ ಅಂಗಡಿಯೇ. ಬೋರ್ಡು, ಪ್ರೊಸೆಸರ್, ರ್‍ಯಾಮ್ ಮೂರನ್ನೂ ಒಂದೇ ಬಿಲ್ಲಿನಲ್ಲಿ ಕೊಂಡು, ಅಲ್ಲೇ ಜೋಡಿಸಿ ಪರದೆ ಬಂದದ್ದನ್ನು ನೋಡಿ ತನ್ನಿ. ಒಂದು ಕೆಟ್ಟರೆ ‘ಅದು ಅವರದು, ಇದು ಇವರದು’ ಎಂಬ ಜಗಳ ಇರುವುದಿಲ್ಲ.

ಮನೆಯಲ್ಲೇ ಜೋಡಿಸುವ ಉತ್ಸಾಹ ಮಕ್ಕಳಿಗಿದ್ದರೆ ತಡೆಯಬೇಡಿ. ಮೊದಲು ಫೋಟೊ, ಪತ್ರಗಳನ್ನೆಲ್ಲ ಬೇರೆ ಡಿಸ್ಕಿಗೆ ನಕಲು ಮಾಡಿಕೊಳ್ಳಲಿ. ಹಳೆಯ ಬೋರ್ಡಿನ ವೈರುಗಳ ಫೋಟೊವನ್ನು ಬಿಚ್ಚುವ ಮೊದಲೇ ತೆಗೆದಿಡಲಿ. ಪ್ರೊಸೆಸರಿನ ಮೂಲೆಯ ತ್ರಿಕೋನದ ಗುರುತನ್ನು ಸಾಕೆಟ್ಟಿನ ಗುರುತಿಗೆ ಹೊಂದಿಸಿ ಇಟ್ಟರೆ ಅದು ತಾನಾಗಿ ಕೂರುತ್ತದೆ, ಒತ್ತಲೇಬಾರದು. ಇಂಟೆಲ್ ಬೋರ್ಡಿನಲ್ಲಿ ಕೂದಲೆಳೆಯಂಥ ಪಿನ್ನುಗಳು ಸಾಕೆಟ್ಟಿನಲ್ಲೇ ಇರುತ್ತವೆ. ಬೆರಳು ತಾಗಿ ಒಂದು ಬಾಗಿದರೂ ಬೋರ್ಡು ಹೋಯಿತೆಂದೇ ಲೆಕ್ಕ. ಪೇಸ್ಟು ಬಟಾಣಿ ಕಾಳಿಗಿಂತ ಚಿಕ್ಕ ಹನಿ ಸಾಕು. ಪ್ರೊಸೆಸರಿನ ಪಕ್ಕದ ನಾಲ್ಕು ಅಥವಾ ಎಂಟು ಪಿನ್ನಿನ ಪವರ್ ವೈರು ಮರೆತುಹೋಗುವುದೇ ಹೆಚ್ಚು. ಪರದೆ ಬಾರದಿದ್ದರೆ ಅಂಗಡಿಗೆ ಓಡುವ ಮೊದಲು ಅದನ್ನು ನೋಡಿ, ಆಮೇಲೆ ರ್‍ಯಾಮನ್ನು ತೆಗೆದು ಮತ್ತೊಮ್ಮೆ ಕೂರಿಸಿ. ಮಳೆಗಾಲದ ತೇವಕ್ಕೆ ಮಸುಕಾದ ಹಳೆಯ ರ್‍ಯಾಮಿನ ಹೊನ್ನಿನ ಪಟ್ಟಿಯನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿದರೆ ಎಷ್ಟೋ ‘ಸತ್ತ’ ಕಂಪ್ಯೂಟರುಗಳು ಎದ್ದು ಕೂರುತ್ತವೆ.