ಹಕ್ಕುಗಳ ಕಾವಲಿಗೆ ಊರ ನಿಧಿ

ವಿದ್ಯೆಗೂ ಆರೋಗ್ಯಕ್ಕೂ ಕೊಡುಗೈಯಿಂದ ದಾನಮಾಡಿದ ಪರಂಪರೆಯಲ್ಲಿ ಬೆಳಗಾವಿಗೆ ಸರಿಸಾಟಿಯಾದ ಊರುಗಳು ನಮ್ಮ ನಾಡಿನಲ್ಲಿ ವಿರಳ. ಸಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಸಂಪತ್ತನ್ನು ವಿದ್ಯಾರ್ಥಿಗಳ ಶಿಕ್ಷಣಕ್ಕೆಂದು ಮುಡಿಪಾಗಿಟ್ಟು 1906ರಲ್ಲಿ ದಿವಂಗತರಾದರು. 1916ರಲ್ಲಿ ಏಳು ಜನ ಶಿಕ್ಷಕರು ಆರಂಭಿಸಿದ ಕೆ.ಎಲ್.ಇ. ಸಂಸ್ಥೆಯು ದಾನಿಗಳ ಔದಾರ್ಯದಿಂದಲೇ ವಿಸ್ತಾರಗೊಂಡಿತು. ವಂಟಮುರಿಯ ರಾಜಾ ಲಖಮಗೌಡರ ಹೆಸರನ್ನು ಹೊತ್ತ ಕಾನೂನು ಕಾಲೇಜು 1939ರಿಂದ ನಾಡಿಗೆ ನ್ಯಾಯವಾದಿಗಳನ್ನು ಒದಗಿಸುತ್ತ ಬಂದಿದೆ. ಶಾಲೆ, ಆಸ್ಪತ್ರೆ, ದಾಸೋಹಗಳಿಗೆ ಇಷ್ಟು ಧಾರಾಳವಾಗಿ ನೀಡುವ ಕೈಗಳು, ಸಂವಿಧಾನವು ಪ್ರಜೆಗೆ ದಯಪಾಲಿಸದೆ ಆತನದೆಂದೇ ಒಪ್ಪಿಕೊಂಡಿರುವ ಮೂಲಭೂತ ಹಕ್ಕುಗಳನ್ನು ಕಾಯುವ ಸಂಘಗಳ ವಿಷಯದಲ್ಲಿ ಮಾತ್ರ ಹಿಂಜರಿಯುವುದೇಕೆಂಬುದು ವಿಚಾರಾರ್ಹವಾದ ಪ್ರಶ್ನೆ. ಬೆಳಗಾವಿ ಜಿಲ್ಲೆಯು ತನ್ನದೇ ಆದ ಒಂದು ಹಕ್ಕುರಕ್ಷಣಾ ನಿಧಿಯನ್ನು ಕಟ್ಟತಕ್ಕದ್ದೆಂಬುದು ನನ್ನ ನಿಶ್ಚಿತಾಭಿಪ್ರಾಯ.

ಕಾಯಿದೆಯಲ್ಲಿ ಬರೆದಿಟ್ಟ ಹಕ್ಕಿಗೆ ಖರ್ಚೇತಕ್ಕೆ ಎಂದು ಕೇಳುವವರು ಖಾನಾಪುರದ ಕಾಡಿನತ್ತ ಒಮ್ಮೆ ದೃಷ್ಟಿ ಹರಿಸಬೇಕು. 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಭೀಮಗಡದ ಅರಣ್ಯದಲ್ಲಿ ಗವಾಳಿ, ಅಮಗಾಂವ, ಕೊಂಗಳಾ ಮೊದಲಾದ ಊರುಗಳುಂಟು. 2024ರ ಜುಲೈ ತಿಂಗಳ ಮಳೆಯಲ್ಲಿ ಅಮಗಾಂವದ ಅಸ್ವಸ್ಥ ಮಹಿಳೆಯೊಬ್ಬರನ್ನು ಊರವರು ಕಟ್ಟಿಗೆಯ ಚಟ್ಟದ ಮೇಲೆ ಹೊತ್ತು ತಂದುದನ್ನು ನಾಡೆಲ್ಲ ನೋಡಿತು. ಆ ಬಳಿಕ ಕಾಡು ಬಿಟ್ಟು ಬರುವ ಕುಟುಂಬಕ್ಕೆ 15 ಲಕ್ಷ ರೂಪಾಯಿಯ ಪರಿಹಾರದ ಮಾತು ಬಲವಾಯಿತು. ಹೋಗುವವರು ಒಪ್ಪಿ ಹೋಗಲಿ, ಇರುವವರು ಹಕ್ಕಿನಿಂದ ಇರಲಿ. ಆದರೆ ಒಪ್ಪಿಗೆಯು ತಿಳಿದು ಕೊಟ್ಟದ್ದಾಗಿರಬೇಕಾದರೆ, 2006ರ ಅರಣ್ಯ ಹಕ್ಕುಗಳ ಕಾಯಿದೆಯು ತಮಗೆ ಏನು ಕೊಡುತ್ತದೆಂಬುದನ್ನು ಆ ಜನಕ್ಕೆ ತಿಳಿಯಹೇಳುವವರು ಬೇಕಲ್ಲವೆ?

ಆ ಕಾಯಿದೆಯ ಪ್ರಕಾರ, ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಯು 2005ರ ಡಿಸೆಂಬರ್ 13ಕ್ಕೆ ಮುನ್ನ ಮೂರು ತಲೆಮಾರುಗಳಿಂದ, ಎಂದರೆ 75 ವರ್ಷಗಳಿಂದ, ತನ್ನ ಹಿರಿಯರು ಅಲ್ಲಿಯೇ ಬಾಳಿದರೆಂಬುದನ್ನು ತೋರಿಸಬೇಕು. ಹಳೆಯ ಕಂದಾಯದ ರಸೀದಿ ದೊರೆಯದಿದ್ದಲ್ಲಿ, ಊರಿನ ವೃದ್ಧರ ಹೇಳಿಕೆಯನ್ನು ಬರಹಕ್ಕಿಳಿಸಬೇಕು. ಬಾವಿ, ಬದು, ದೇವರ ಸ್ಥಾನ, ಹಿರಿಯರನ್ನು ಹೂಳಿದ ಸ್ಮಶಾನ ಇವೆಲ್ಲವನ್ನೂ ಗುರುತಿಸಿ ನಕ್ಷೆ ತೆಗೆಯಬೇಕು. ಗ್ರಾಮಸಭೆಯ ಠರಾವು ಪಡೆಯಬೇಕು. ಅರ್ಜಿ ತಿರಸ್ಕೃತವಾದಲ್ಲಿ 60 ದಿನಗಳೊಳಗೆ ಮೇಲಿನ ಸಮಿತಿಗೆ ಮೊರೆಹೋಗಬೇಕು. ಇಷ್ಟಕ್ಕೂ ದಿನದ ಕೂಲಿ ಬಿಟ್ಟು ಖಾನಾಪುರಕ್ಕೆ ಬರಬೇಕು, ಝೆರಾಕ್ಸ್ ಮಾಡಿಸಬೇಕು, ಮರಾಠಿಯಾಡುವ ಮನೆಯ ಅಳಲನ್ನು ಕನ್ನಡದ ಅರ್ಜಿಯಾಗಿ ಬರೆಸಬೇಕು, ಸಾಹೇಬರು ಸಿಗದ ದಿನ ಬರಿಗೈಯಲ್ಲಿ ಮರಳಬೇಕು. ಸ್ತ್ರೀಯರಿಗೂ ಪರಿಶಿಷ್ಟರಿಗೂ ಉಚಿತ ವಕೀಲರನ್ನು ನೀಡುವ 1987ರ ಕಾನೂನು ಸೇವೆಗಳ ಕಾಯಿದೆಯು ನಿಸ್ಸಂದೇಹವಾಗಿ ಉಪಕಾರಿಯಾದುದು. ಆದರೆ ನೊಂದವರನ್ನು ಆ ವಕೀಲರ ಬಾಗಿಲವರೆಗೆ ಕರೆತರುವ, ಕಡತದ ಬೆನ್ನುಹತ್ತಿ ವರ್ಷಗಟ್ಟಲೆ ಅಲೆಯುವ ಕೆಲಸವು ಕಾರ್ಯಕರ್ತರದು. ಅವರಿಗೂ ಸಂಸಾರವುಂಟು, ಹಸಿವುಂಟು.

ಈ ಕೆಲಸಕ್ಕೆ ಹಣ ಬರುವ ದಾರಿಗಳು ಒಂದೊಂದಾಗಿ ಸಂಕುಚಿತಗೊಂಡಿವೆ. ಸರ್ಕಾರದ ಅನುದಾನದಿಂದ ಸರ್ಕಾರವನ್ನೇ ಪ್ರಶ್ನಿಸುವುದು ದುಸ್ಸಾಧ್ಯ. 2013ರ ಕಂಪನಿ ಕಾಯಿದೆಯು ದೊಡ್ಡ ಕಂಪನಿಗಳು ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇಕಡಾ 2ರಷ್ಟನ್ನು ಸಮಾಜಕ್ಕಾಗಿ ವ್ಯಯಿಸಬೇಕೆಂದು ವಿಧಿಸಿದೆ. ಅದರ 7ನೆಯ ಅನುಸೂಚಿಯಲ್ಲಿ ಶಿಕ್ಷಣ, ಪರಿಸರ, ಕ್ರೀಡೆಗಳಿಗೆಲ್ಲ ಸ್ಥಳವಿದ್ದರೂ ಮೂಲಭೂತ ಹಕ್ಕುಗಳ ರಕ್ಷಣೆಯೆಂಬ ಬಾಬು ಇಲ್ಲ. ಇನ್ನು ವಿದೇಶಿ ದೇಣಿಗೆಯ ಕಾಯಿದೆಗೆ 2020ರಲ್ಲಿ ಆದ ತಿದ್ದುಪಡಿಯು, ದೊಡ್ಡ ಸಂಸ್ಥೆಯು ತಾನು ಪಡೆದ ಹಣವನ್ನು ತಾಲ್ಲೂಕು ಮಟ್ಟದ ಚಿಕ್ಕ ಸಂಘಕ್ಕೆ ಹಂಚುವುದನ್ನು ಪೂರ್ಣವಾಗಿ ನಿಷೇಧಿಸಿ, ಆಡಳಿತ ವೆಚ್ಚದ ಮಿತಿಯನ್ನು ಶೇಕಡಾ 50ರಿಂದ 20ಕ್ಕೆ ಇಳಿಸಿತು; ನಿಯಮಗಳ ಎಣಿಕೆಯಲ್ಲಿ ಕಾನೂನು ಶುಲ್ಕವೂ ಆಡಳಿತ ವೆಚ್ಚವೇ ಆದುದರಿಂದ, ನ್ಯಾಯಾಲಯವನ್ನು ನೆಚ್ಚಿದವರಿಗೆ ಈ ಪೆಟ್ಟು ಇಮ್ಮಡಿಯಾಯಿತು. ತಿದ್ದುಪಡಿಯನ್ನು ಸುಪ್ರೀಂ ಕೋರ್ಟು 2022ರಲ್ಲಿ ಎತ್ತಿಹಿಡಿಯಿತು.

ಹೊರನಾಡಿನ ಹಣದ ಮೇಲೆ ಕಣ್ಣಿಡುವುದು ಸ್ವತಂತ್ರ ರಾಷ್ಟ್ರದ ಸಹಜ ಅಧಿಕಾರ, ಅದನ್ನು ಅಲ್ಲಗಳೆಯಲಾರೆ. ಆದರೆ ಐರೋಪ್ಯ ಒಕ್ಕೂಟವು 2021ರಿಂದ 2027ರವರೆಗೆ ಸುಮಾರು 155 ಕೋಟಿ ಯೂರೋಗಳನ್ನು ಪೌರರ ಹಕ್ಕು ಮತ್ತು ಸಮಾನತೆಗಳ ಕಾರ್ಯಕ್ಕೆಂದು ಮೀಸಲಿರಿಸಿ, ದೊಡ್ಡ ಸಂಸ್ಥೆಗಳ ಕೈಯಿಂದಲೇ ಚಿಕ್ಕ ಸಂಘಗಳಿಗೆ ಅದನ್ನು ಮರುಹಂಚಿಸುತ್ತಿರುವಾಗ, ಅದೇ ಮರುಹಂಚಿಕೆಯನ್ನು ನಿಷೇಧಿಸಿದ ನಾವು ಅದರ ಸ್ಥಾನದಲ್ಲಿ ಏನನ್ನು ಇರಿಸಿದೆವು? ವಿದೇಶದ ಹಣ ಬೇಡವೆನ್ನುವವರಿಗೆ ಸ್ವದೇಶದ ಹಣವನ್ನು ಒದಗಿಸುವ ಹೊಣೆಯುಂಟು.

ದೀರ್ಘಕಾಲದ ಬೆಂಬಲದಿಂದ ಏನು ಸಾಧ್ಯವೆಂಬುದಕ್ಕೆ ನಮ್ಮ ಜಿಲ್ಲೆಯೇ ಸಾಕ್ಷಿ. ದೇವದಾಸಿ ಸಮರ್ಪಣೆಯನ್ನು ಕರ್ನಾಟಕವು 1982ರ ಕಾಯಿದೆಯಿಂದ ನಿಷೇಧಿಸಿತಾದರೂ ಕಾಯಿದೆಯೊಂದರಿಂದಲೇ ಪದ್ಧತಿ ಅಳಿಯಲಿಲ್ಲ. ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆಯ ಆಸರೆಯಿಂದ ವಿಮುಕ್ತ ದೇವದಾಸಿಯರೇ ಘಟಪ್ರಭೆಯಲ್ಲಿ 1997ರಲ್ಲಿ ಕಟ್ಟಿಕೊಂಡ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯು ಊರೂರು ಅಲೆದು, ಹೊಸದಾಗಿ ಮುತ್ತು ಕಟ್ಟುವುದನ್ನು ತಡೆಯತೊಡಗಿತು. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿಯವರಿಗೆ 2018ರಲ್ಲಿ ಪದ್ಮಶ್ರೀ ಸಂದಿತು. ಒಂದು ವರ್ಷದ ಯೋಜನೆಗೆ ಕೊಟ್ಟು ಮರುವರ್ಷ ಕೈಬಿಡುವ ದಾನದಿಂದ ಇಂಥ ಫಲ ಲಭಿಸಲಾರದು.

ಇಂಥ ಬೆಂಬಲದ ಅಗತ್ಯ ಇನ್ನೂ ತೀರಿಲ್ಲ. ಬೆಳಗಾವಿ ತಾಲ್ಲೂಕಿನ ಹೊಸ ವಂಟಮುರಿಯಲ್ಲಿ 2023ರ ಡಿಸೆಂಬರಿನಲ್ಲಿ, ಮಗನು ಪ್ರೀತಿಸಿದ ಹುಡುಗಿಯೊಡನೆ ಊರು ಬಿಟ್ಟನೆಂಬ ಕಾರಣಕ್ಕೆ ತಾಯಿಯೊಬ್ಬಳನ್ನು ವಿವಸ್ತ್ರಗೊಳಿಸಿ ಕಂಬಕ್ಕೆ ಕಟ್ಟಿ ಹೊಡೆದರು. ಹೈಕೋರ್ಟು ತಾನಾಗಿಯೇ ಪ್ರಕರಣವನ್ನು ಕೈಗೆತ್ತಿಕೊಂಡಿತು, ಸರ್ಕಾರವೂ ನೆರವಿತ್ತಿತು. ಆದರೆ ಪತ್ರಿಕೆಗಳಲ್ಲಿ ಸುದ್ದಿಯಾಗದ, ಯಾವ ನ್ಯಾಯಮೂರ್ತಿಯ ಕಣ್ಣಿಗೂ ಬೀಳದ ತಾಯಂದಿರ ಪಾಡೇನು? ಅವರ ಮಗ್ಗುಲಲ್ಲಿ ನಿಲ್ಲುವವರನ್ನು ನಿಲ್ಲಿಸಿಕೊಳ್ಳುವುದು ಈ ಊರಿನ ಕರ್ತವ್ಯ.

ಹಾಗಾದರೆ ನಿಧಿಯ ಸ್ವರೂಪವೆಂತಿರಬೇಕು? ವಕೀಲರು, ವ್ಯಾಪಾರಸ್ಥರು, ನಿವೃತ್ತ ನೌಕರರು, ಪತ್ತಿನ ಸಹಕಾರಿ ಸಂಘಗಳು, ಮಠಗಳು ತಮ್ಮ ಶಕ್ತ್ಯನುಸಾರ ವಂತಿಗೆ ಕೊಡಲಿ. ಯಾವ ಪಕ್ಷದ, ಸರ್ಕಾರದ ಹಣವೂ ಅದರಲ್ಲಿ ಸೇರದಿರಲಿ. ಕನ್ನಡಿಗ ಮರಾಠಿಗನೆಂಬ, ಜಾತಿ ಮತಗಳೆಂಬ ಭೇದವೆಣಿಸದೆ, ಮೂರು ವರ್ಷಗಳಿಗೆ ಕಡಿಮೆಯಿಲ್ಲದ ಅವಧಿಗೆ, ಕಾರ್ಯಕರ್ತರ ಸಂಬಳ, ಬಸ್ ಚಾರ್ಜು, ಕೋರ್ಟಿನ ಖರ್ಚುಗಳಿಗೆ ಅದು ಸಲ್ಲಲಿ. ಪಡೆದವರು ಲೆಕ್ಕವನ್ನು ಬಹಿರಂಗವಾಗಿ ಒಪ್ಪಿಸಲಿ. ಗಾಂಧೀಜಿಯವರು ಅಧ್ಯಕ್ಷರಾಗಿದ್ದ 1924ರ ಬೆಳಗಾವಿ ಕಾಂಗ್ರೆಸ್ಸಿಗೆಂದು ತೋಡಿದ ಬಾವಿಯ ವೆಚ್ಚವು 4,370 ರೂಪಾಯಿ 3 ಆಣೆಯೆಂದು ಇಂದಿಗೂ ಹೇಳಬಲ್ಲ ಊರಿಗೆ ಆಣೆಪೈಗಳ ಶುಚಿತ್ವವನ್ನು ಬೇರೆಯವರು ಕಲಿಸಬೇಕಾಗಿಲ್ಲ. ಪ್ರಜಾ ಸ್ವಾತಂತ್ರ್ಯಗಳ ಜನತಾ ಒಕ್ಕೂಟವು (ಪಿ.ಯು.ಸಿ.ಎಲ್.) 1976ರಿಂದ ಸದಸ್ಯರ ಚಂದಾ ಮತ್ತು ನಾಗರಿಕರ ದೇಣಿಗೆಗಳನ್ನೇ ನೆಚ್ಚಿ ಬಾಳಿ ಬಂದಿರುವಾಗ, ಇದನ್ನು ಅಸಾಧ್ಯವೆನ್ನಲಾಗದು.

ಬೆಳಗಾವಿಯ ವಕೀಲರೂ ಖಾನಾಪುರದ ಹಿರಿಯರೂ ಕೂಡಿ ಮೊದಲ ಸಭೆಯನ್ನು ಕರೆಯಲಿ. ವಂತಿಗೆಯ ಪಟ್ಟಿ ಚಿಕ್ಕದಾದರೂ ಚಿಂತೆಯಿಲ್ಲ, ಪ್ರತಿವರ್ಷ ತಪ್ಪದೆ ಎತ್ತಿದರೆ ಸಾಕು; ಅದರ ಮೊದಲ ಹಣವು, ಭೀಮಗಡದ ಯಾವುದಾದರೊಂದು ಊರಿನ ಅರ್ಜಿಯನ್ನು ಗ್ರಾಮಸಭೆಯಿಂದ ಜಿಲ್ಲಾ ಸಮಿತಿಯವರೆಗೆ ನಡೆಸಿಕೊಂಡು ಹೋಗುವವರಿಗೆ ಸಲ್ಲಲಿ.